ಹಬೀಬ್ ಸಾಬರ ಎರಡು ಚಕ್ರ

ಬೆಳಕು ಹರಿಯುವ ಹೊತ್ತಿಗೆ ಹಬೀಬ್ ಸಾಬ್ ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ, ಲುಂಗಿ ಎತ್ತಿ ಕಟ್ಟಿ ಕೆರೆಯ ಏರಿ ಹತ್ತುತ್ತಾರೆ. ತಾವರೆಕೆರೆಯಿಂದ ಆಚೆಗಿರುವ ಈ ಕೆರೆಯ ಏರಿಯ ಮೇಲೆ ಆಳೆತ್ತರದ ಒಂದು ತಗಡಿನ ಗೂಡಿದೆ. ಅದರ ಬೀಗ ತೆಗೆದು, ಒಳಗಿನ ಗಡಿಯಾರಕ್ಕೆ ಕೀಲಿ ಕೊಟ್ಟು, ಉರುಳೆಗೆ ಸುತ್ತಿದ ಕಾಗದ ಬಿಚ್ಚಿ ಹೊಸದನ್ನು ಸುತ್ತುತ್ತಾರೆ. ಲೇಖನಿಯ ಮೂತಿಗೆ ಒಂದು ತೊಟ್ಟು ಶಾಯಿ ಬಿಡುತ್ತಾರೆ. ಬಿಚ್ಚಿದ ಕಾಗದವನ್ನು, ಪತ್ರಿಕೆಗೆ ಬರೆಯಲೆಂದು ಬಂದ ನನ್ನ ಕೈಗಿಡುತ್ತಾರೆ. ಈ ತುದಿಯಿಂದ ಆ ತುದಿಗೆ ಒಂದೇ ಒಂದು ನೆಟ್ಟನೆ ಗೆರೆ.

"ನೋಡಿ ಸ್ವಾಮಿ, ಎಷ್ಟು ನಾಜೂಕಾಗಿ ಬರ್ದೈತೆ. ಕೆರೇಲಿ ನೀರಿಲ್ಲ ಅಂತ ಮಿನಿಟ್ ಮಿನಿಟ್ಗೂ ಬರ್ದೈತೆ," ಎನ್ನುತ್ತಾರೆ. ನಗುವುದಿಲ್ಲ.

ಶಿರಾ ಪೇಟೆಯಲ್ಲಿ ಮೇಜಿನಗಲದ ಗಡಿಯಾರ ರಿಪೇರಿ ಅಂಗಡಿ ಇವರದು. ಕೆರೆಯ ನೀರು ಅಳೆಯುವ ಯಂತ್ರ ತಂದ ಇಲಾಖೆಯವರು, ಒಳಗೆ ಗಡಿಯಾರವಿದೆಯೆಂದು ಇವರನ್ನೇ ಹಿಡಿದುಕೊಂಡು ಬಂದರು. ನೀರು ಏರಿದರೆ ಒಳಗಿನ ತೇಲುಬುಂಡೆ ಏರುತ್ತದೆ, ಜೊತೆಗೆ ಲೇಖನಿಯೂ ಏರಿ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಇಷ್ಟೇ ಯಂತ್ರ. "ನನ್ನ ಮಾತಾಡ್ಸಾಕೆ ಪುರುಸೊತ್ತಿಲ್ಲ, ಆ ಡಬ್ಬಕ್ಕೆ ಮಾತ್ರ ದಿನಾ ಸಲಾಂ," ಎಂದು ಹೆಂಡತಿ ಬದರುನ್ನೀಸಾ ಹಂಗಿಸುತ್ತಾರೆ.

ಯಂತ್ರದ ಜೊತೆ ಎರಡು ಹಲ್ಲಿನ ಚಕ್ರ ಬಂದವು. ಒಂದನ್ನು ಹಾಕಿದರೆ ಉರುಳೆ ದಿನಕ್ಕೊಂದು ಸುತ್ತು. ಕಾಗದದಲ್ಲಿ ಒಂದು ಗಂಟೆಗೆ ಬೆರಳಗಲ ಜಾಗ. ನೀರು ಎಷ್ಟು ಹೊತ್ತಿಗೆ ಏರಿತು, ಎಲ್ಲಿ ತಡೆಯಿತು, ಎಲ್ಲ ಕಣ್ಣಿಗೆ ಕಾಣುತ್ತದೆ. ಆದರೆ ಕಾಗದ ಒಂದೇ ದಿನಕ್ಕೆ ತೀರುತ್ತದೆ. ಇನ್ನೊಂದು ಚಕ್ರಕ್ಕೆ ಉರುಳೆ ವಾರಕ್ಕೊಂದು ಸುತ್ತು. ಕಾಗದ ಉಳಿಯುತ್ತದೆ, ಗಂಟೆಗೆ ಸಿಗುವ ಜಾಗ ಮಾತ್ರ ಒಂದು ರಾಗಿಕಾಳಿನಷ್ಟು. ವರ್ಷಕ್ಕೆ ಒಂದು ಕಟ್ಟು ಕಾಗದ ಕೊಟ್ಟು, ಯಾವಾಗ ಯಾವ ಚಕ್ರವೆಂಬುದನ್ನು ಇಲಾಖೆ ಇವರ ತಲೆಗೇ ಕಟ್ಟಿತು. ಮಳೆ ಯಾವಾಗ ಬರುತ್ತದೆಂದು ಹೇಳುವ ಕೆಲಸವನ್ನೂ ಗಡಿಯಾರದವನಿಗೇ ಕೊಟ್ಟ ಜಾಣತನ ನೋಡಿ!

ಬಯಲುಸೀಮೆಯಲ್ಲಿ ಕೆರೆಗೆ ಹೊಸ ನೀರು ಬಂದರೆ ಜನ ಚಪ್ಪಲಿ ಬಿಟ್ಟು ಏರಿ ಹತ್ತುತ್ತಾರೆ. ಹೋದ ವರ್ಷ ಭರಣಿ ಮಳೆಗೆ ಒಂದಿಷ್ಟು ನೀರು ಬಂದದ್ದೇ ತಡ, ಊರೆಲ್ಲ ಗೂಡಿನ ಮುಂದೆ ಸೇರಿತು. ಎಲ್ಲರಿಗಿಂತ ಮುಂದೆ ನಿಂತವನು ಕೆರೆಯ ನೀರುಗಂಟಿ ತಿಮ್ಮರಾಯಪ್ಪ. ತೂಬು ಎತ್ತಿ ಇಳಿಸುವ ಈ ಕೆಲಸ ಅವನಿಗೆ ಅಪ್ಪನಿಂದ, ತಾತನಿಂದ ಬಂದದ್ದು.

"ಲೇ ಸಾಬಿ, ನಮ್ಮ ಗಂಗಮ್ಮನ್ನ ಇಷ್ಟು ಸಣ್ಣಕ್ಕೆ ಬರುಸ್ಬ್ಯಾಡ ಕಣ್ಲಾ, ದೊಡ್ಡದಾಗಿ ಬರುಸು ಅಂದ," ಎಂದು ಹಬೀಬ್ ಸಾಬ್ ನೆನೆಯುತ್ತಾರೆ. "ನಂಗೂ ಖುಷಿ. ದಿನದ ಚಕ್ರ ಹಾಕ್ಬುಟ್ಟೆ. ಮೋಡ ಕಂಡಾಗೆಲ್ಲ ಅದನ್ನೇ ಹಾಕ್ದೆ. ಜಿಟಿಜಿಟಿ ಮಳೇನೂ ಎಂಗೆ ಬರೀತಿತ್ತು ಅಂತೀರ! ಎಲ್ರೂ ನೋಡಿ ನೋಡಿ ಹಿಗ್ಗೋರು."

ಮುಂಗಾರು ಮುಗಿಯುವಷ್ಟರಲ್ಲಿ ಕಟ್ಟು ಕರಗಿತು. ಇನ್ನಷ್ಟು ಕೊಡಿ ಎಂದರೆ, ಬರುವ ವರ್ಷದವರೆಗೆ ಕಾಯಿರಿ ಎಂದರು. ಉಳಿದ ನಾಲ್ಕು ಹಾಳೆಯಲ್ಲೇ ದಿನ ದೂಡಬೇಕಲ್ಲ, ಹಬೀಬ್ ಸಾಬ್ ವಾರದ ಚಕ್ರ ಹಾಕಿದರು.

ಹಸ್ತ ಮಳೆ ಹಿಡಿದದ್ದು ಆಗ. ಮಧ್ಯಾಹ್ನ ಸುರುವಾದದ್ದು ಸಂಜೆಯಾದರೂ ಬಿಡಲಿಲ್ಲ. ನೀರು ಏರುತ್ತಿದ್ದಂತೆಯೇ ತಿಮ್ಮರಾಯಪ್ಪ ತೂಬು ಎತ್ತಿದ. ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದವರು ಹಬೀಬ್ ಸಾಬರೇ. ನೀರು ಮೇಲೇರದೆ ಒಂದು ತಾಸು ತಡೆಯಿತು. ಆಮೇಲೆ ಹಳ್ಳದ ನೀರೆಲ್ಲ ಒಟ್ಟಿಗೇ ನುಗ್ಗಿ ಕೆರೆಯ ಏರಿಯನ್ನೇ ಒಡೆಯಿತು. ತೂಬನ್ನೂ ಕೊಚ್ಚಿಕೊಂಡು ಹೋಯಿತು. ಕೆಳಗಿನ ಗದ್ದೆಗಳ ಮೇಲೆ ಮರಳು ಕೂತಿತು.

ವಿಚಾರಣೆಗೆ ಬಂದವರು ಮೊದಲು ಕೇಳಿದ್ದು ಕಾಗದ. ನೀರು ಏರಿದ್ದು, ತೂಬು ಎತ್ತಿದಾಗ ತಡೆದದ್ದು, ಮತ್ತೆ ಏರಿದ್ದು, ಕುಸಿದದ್ದು ಎಲ್ಲ ಎರಡು ಮೂರು ರಾಗಿಕಾಳಿನ ಜಾಗದಲ್ಲಿ ಅಂಟಿಕೊಂಡು ಒಂದು ದಪ್ಪ ಶಾಯಿಗೆರೆಯಾಗಿತ್ತು. ನೀರು ತಡೆದ ಗುರುತು ಇಲ್ಲ, ಆದ್ದರಿಂದ ತೂಬು ಎತ್ತಿಲ್ಲ, ಆದ್ದರಿಂದ ನೀರುಗಂಟಿ ಮಲಗಿದ್ದ! ಎಂಥ ಲೆಕ್ಕ! ಕಂಡವರ ಕಣ್ಣಿಗೆ ಬೆಲೆಯಿಲ್ಲ, ಶಾಯಿಯ ಮುದ್ದೆಗೆ ಇದೆ.

"ನಾನು ನೋಡಿದೀನಿ ಸಾರ್, ಖುದಾ ಕಸಂ ಅಂದೆ. ನೀನು ಅವನ ದೋಸ್ತು, ಸುಮ್ಕಿರು ಅಂದ್ರು," ಎನ್ನುತ್ತಾರೆ ಹಬೀಬ್ ಸಾಬ್.

ತಿಮ್ಮರಾಯಪ್ಪನ ಕೆಲಸ ಹೋಯಿತು. ಅದಕ್ಕಿಂತ, ಮರಳು ಬಿದ್ದ ಗದ್ದೆಯವರು ಅವನನ್ನು ಕಂಡರೆ ಇವತ್ತಿಗೂ ಉಗುಳುತ್ತಾರೆ. ನಾನು ಮನೆಗೆ ಹೋದರೆ ಅವನು ಹೊರಗೆ ಬರಲಿಲ್ಲ. ಹೆಂಡತಿ ಲಕ್ಕಮ್ಮ ಬಾಗಿಲಲ್ಲೇ ನಿಂತು ಹೇಳಿದಳು: "ನೀವು ಬರ್ಕೊಂಡೋಗಿ ಏನ್ಮಾಡೀರಿ? ಬರ್ಕೊಳ್ಳಾಕೆ ಅಂತ್ಲೇ ಇಟ್ಟಿದ್ದ ಮಿಸೀನೇ ಬರ್ಕೊಳ್ನಿಲ್ಲ. ಆ ಸಾಬಿ ಬಂದ್ರೂ ಒಳೀಕೆ ಬುಡಾಕಿಲ್ಲ. ನನ್ನ ಗಂಡ ತೂಬು ಎತ್ತೌನೆ ಕಣಪ್ಪ."

ವಿಚಾರಣೆಯಾದ ಮೇಲೆ ಇಲಾಖೆಗೆ ಜ್ಞಾನೋದಯವಾಗಿದೆ. ಈಗ ಗೂಡಿನಲ್ಲಿ ಕಾಗದದ ಕಟ್ಟುಗಳು ರಾಶಿ ಬಿದ್ದಿವೆ, ದಿನದ ಚಕ್ರವನ್ನೇ ಹಾಕಬೇಕೆಂದು ಅಪ್ಪಣೆ. ಒಡೆದ ಏರಿಯನ್ನು ಮಾತ್ರ ಯಾರೂ ಕಟ್ಟಿಲ್ಲ. ತೇಲುಬುಂಡೆ ಒಣಮಣ್ಣಿನ ಮೇಲೆ ಕೂತಿದೆ. ಇದನ್ನು ನೋಡಿ ಸಿಟ್ಟು ಬಾರದವರು ದೇವರಂಥವರು. ನಾನಲ್ಲ.

ಹೊರಡುವಾಗ ಇದೆಲ್ಲ ಯಾವಾಗ ಅಚ್ಚಾಗುತ್ತದೆ ಎಂದು ಹಬೀಬ್ ಸಾಬ್ ಕೇಳುತ್ತಾರೆ. ಭಾನುವಾರ, ಜಾಗ ಕಡಿಮೆ, ಒಂದಿಷ್ಟು ಕತ್ತರಿಸಬೇಕಾದೀತು ಎನ್ನುತ್ತೇನೆ. ಗೂಡಿನ ಬೀಗ ಹಾಕುತ್ತಿದ್ದ ಅವರ ಕೈ ನಿಲ್ಲುತ್ತದೆ.

"ಅಂಗಾದ್ರೆ ನನ್ನ ಅಂಗಡಿ ತೆಗೆದ್ಬುಡಿ. ನನ್ನ ಚಕ್ರ, ನನ್ನ ಹೆಸ್ರು, ಫೋಟೋ ಎಲ್ಲಾ ತೆಗೆದ್ಬುಡಿ ಸ್ವಾಮಿ. ತಿಮ್ಮರಾಯಪ್ಪ ತೂಬು ಎತ್ತಿದ್ದ ಅಂತ ಒಂದೇ ಒಂದು ಸಾಲು ಉಳಿಸಿ. ದೊಡ್ಡ ಅಕ್ಷರದಾಗೆ."