ಸಾಸಿವೆಯಷ್ಟು ಪಾಪೆ

ಕಣ್ಣಿನ ಡಾಕ್ಟರ ಕೋಣೆಯಲ್ಲಿ ಆ ದಿನ ಮೂವರೇ ಇದ್ದೆವು: ಡಾಕ್ಟರಮ್ಮ, ನಮ್ಮ ಮಾವನವರು, ನಾನು. ಯಜಮಾನರು ಕಂಪನಿ ಕೆಲಸಕ್ಕೆಂದು ನಾಸಿಕಕ್ಕೆ ಹೋಗಿದ್ದರು. ಮಾವನವರದು ಸದಾಶಿವ ಪೇಠೆಯಲ್ಲಿ ಬ್ಲೌಸಿನ ಬಟ್ಟೆ, ಫಾಲ್, ದಾರ ಮಾರುವ ಪುಟ್ಟ ಅಂಗಡಿ. ಸೀರೆ ತೋರಿಸಿದರೆ ಸಾಕು, ಅದೇ ಬಣ್ಣದ ದಾರ ತೆಗೆದು ಮುಂದಿಡುವರು. ಅಂಥವರು ಈಚೆಗೆ ನೀಲಿ ಸೀರೆಗೆ ಕಪ್ಪು ದಾರ ಕೊಟ್ಟು ಗಿರಾಕಿಗಳಿಂದ ಬೈಸಿಕೊಳ್ಳತೊಡಗಿದ್ದರು.

ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಹೋಗಿದೆ.

ಇದ್ದದ್ದು ಇದೊಂದೇ.

ಬೇರೆ ಗುಳಿಗೆ ಏನಾದರೂ ನಡೆದಿದೆಯೇ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು. ಮಾವನವರು ನನ್ನ ಕಡೆ ಒಮ್ಮೆ ನೋಡಿದರು. ಬಿ.ಪಿ.ಯದು ಒಂದೇ, ಎಂದರು.

ಆಪರೇಶನ್ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬೇಗ ಮುಗಿಯುತ್ತದೆ ಅಂದಿದ್ದರು. ಮುಗಿಯಲಿಲ್ಲ. ನರ್ಸ್ ಲಗುಬಗೆಯಿಂದ ಬಂದು, "ಅಜ್ಜಾ ಪ್ರೋಸ್ಟೇಟ್ ಗುಳಿಗೆ ತಗೋತಾರಾ?" ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದೆ. ಅಷ್ಟು ಖಾತ್ರಿಯಿಂದ.

ಒಳಗೆ ನಡೆದದ್ದನ್ನು ಡಾಕ್ಟರಮ್ಮ ಆಮೇಲೆ ಹೇಳಿದರು. ಮೂತ್ರ ಸರಾಗವಾಗಲೆಂದು ಕೊಡುವ ಕೆಲವು ಗುಳಿಗೆಗಳಿಂದ ಪಾಪೆಯ ಸುತ್ತಲಿನ ಪರದೆ ಸಡಿಲಾಗುತ್ತದಂತೆ. ಶಸ್ತ್ರ ಹಾಕಿದಾಗ ಅದು ಒದ್ದೆ ಬಟ್ಟೆಯ ಹಾಗೆ ಅಲುಗಾಡಿ, ಕೊಯ್ದ ಸಂದಿಯಿಂದ ಹೊರಗೆ ನುಗ್ಗಿದೆ. ಮಾವನವರಿಗೆ ಮೈಮೇಲೆ ಎಚ್ಚರವಿತ್ತು, ಕಣ್ಣನ್ನಷ್ಟೇ ಮರಗಟ್ಟಿಸಿದ್ದರು. ಡಾಕ್ಟರಮ್ಮ ನೇರವಾಗಿ ಕೇಳಿದ್ದಕ್ಕೆ, ಮುಸುಕಿನ ಕೆಳಗಿನಿಂದ, "ಹೋಯ್. ಪಣ ಸುನೇಲಾ ಸಾಂಗೂ ನಕಾ" ಎಂದರಂತೆ. ಹೌದು, ಆದರೆ ಸೊಸೆಗೆ ಹೇಳಬೇಡಿ.

ನಾನು ಮದುವೆಯಾಗಿ ಬಂದಂದಿನಿಂದ ನನ್ನೆದುರು ಬರೀ ಬನಿಯನ್ನಿನಲ್ಲಿ ಕೂತವರಲ್ಲ ಅವರು. ಉಚ್ಚೆಯ ತ್ರಾಸನ್ನು ನನ್ನ ಮುಂದೆ ಹೇಗೆ ಹೇಳಿಯಾರು? ಸಿಟ್ಟು ಬರಬೇಕಿತ್ತು. ನಗು ಬಂತು, ಅದರ ಬೆನ್ನಿಗೇ ಹೆದರಿಕೆ.

ಹೊಸ ಲೆನ್ಸ್ ಕೂಡಿಸಿದ ಮೇಲೆ ಪರದೆ ಮತ್ತೆ ಹೊರಗೆ ನುಗ್ಗದಂತೆ, ಪಾಪೆ ಕುಗ್ಗಿಸುವ ಔಷಧಿಯನ್ನು ಕಣ್ಣೊಳಗೇ ಬಿಟ್ಟಿದ್ದರು. ಕಾರ್ಬಾಕಾಲ್ ಅಂತ ಹೆಸರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು.

"ವಿದ್ಯಾ, ಲೈಟ್ ಹಚ್ಚವಾ" ಎಂದರು ಮಾವನವರು.

ಲೈಟು ಹತ್ತಿಯೇ ಇತ್ತು.

ಔಷಧಿಯ ಜೋರು ಇನ್ನೂ ಇಳಿದಿಲ್ಲ, ಪಾಪೆ ಸಾಸಿವೆಯಷ್ಟಾಗಿದೆ, ಬೆಳಕು ಒಳಗೆ ಹೋಗುವುದೇ ಕಡಿಮೆ, ಒಂದೆರಡು ದಿನದಲ್ಲಿ ಸರಿಹೋದೀತು ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಮಾವನವರಿಗೆ ರಾತ್ರಿಯಿಂದ ಹುಬ್ಬಿನಲ್ಲಿದ್ದ ನೋವೂ ಅದರದೇ. ಆದರೂ ನಾಳೆ ಮತ್ತೆ ತೋರಿಸಿ ಎಂದರು. ಆ 'ಆದರೂ' ರಿಕ್ಷಾದಲ್ಲಿ ಕೋಥರೂಡಿನ ಮನೆಯವರೆಗೂ ನಮ್ಮ ಜೊತೆ ಬಂತು.

ಮನೆಯಲ್ಲಿ ಗೋಡೆ ಸವರುತ್ತ ನಡೆದರು. ಕುರ್ಚಿಗೆ ಮೊಣಕಾಲು ಬಡಿಯಿತು.

"ಅಂಗಡಿ ಕೀಲಿ ಯಾರಿಗಾರ ಕೊಟ್ಟಬಿಡ್ರಿ ಇನ್ನ."

"ಡಾಕ್ಟರ್ ನಾಳೆ ನೋಡೋಣು ಅಂದಾರ್ರಿ, ಮಾವಾರ. ಅಲ್ಲೀತನಾ ನೀವು ಕೀಲಿ ಕೊಡಂಗಿಲ್ಲ, ನಾ ಅಳಂಗಿಲ್ಲ."

"ನೀ ಯಾಕ ಅಳ್ತಿ? ಕಣ್ಣು ನಂದು."

"ಸೊಸಿಗೆ ಹೇಳಬ್ಯಾಡ್ರಿ ಅಂದವ್ರೂ ನೀವ."

ಬಡಿದ ಮೊಣಕಾಲು ತಿಕ್ಕಿಕೊಂಡರು. ಆಮೇಲೆ ಮೆಲ್ಲಗೆ, "ಆಕಿ ಹೇಳಿಬಿಟ್ಳೇನು?" ಎಂದರು. ಮೋರೆ ಕೆಂಪಗಾಗಿತ್ತು.

ಕೈ ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದೆ. ಬೆಳಕು ಸಾಲದಿದ್ದರೆ ಬೆಳಕಿರುವಲ್ಲಿ ಕೂತರಾಯಿತು. ಕಪ್ಪು ಕನ್ನಡಕ ತೆಗೆಯಬೇಡಿ ಎಂದಿದ್ದರು, ತೆಗೆಸಲಿಲ್ಲ. ಅವರು ಬಹಳ ಹೊತ್ತು ಕೆಳಗೇ ನೋಡುತ್ತಿದ್ದರು. "ಅಲ್ಲಿ ಯಾರೋ ಸ್ಕೂಟರ್ ನಿಲ್ಲಸ್ಯಾರ," ಎಂದರು. ಮತ್ತಷ್ಟು ಹೊತ್ತು ಬಿಟ್ಟು, "ಅದರ ನಂಬರೂ ಕಾಣ್ತದ." ನಾನು ಒಳಗೆ ಹೋಗಿ, ಅಳಂಗಿಲ್ಲ ಎಂದದ್ದನ್ನು ಮರೆತು, ಅತ್ತುಬಿಟ್ಟೆ.

ಮರುದಿನ ಪಾಪೆ ಹಿಗ್ಗತೊಡಗಿತ್ತು. ಕೋಣೆಗಳಿಗೂ ನಿಧಾನವಾಗಿ ಬೆಳಕು ಬಂತು. ಪರದೆಯ ಅಂಚು ಒಂದು ಕಡೆ ಸ್ವಲ್ಪ ಹರಿದಿದೆ. ಎದುರಿನ ಗಾಡಿಯ ದೀಪ ಇಂದಿಗೂ ಕಣ್ಣಿಗೆ ಚುಚ್ಚುತ್ತದೆ. ಅದಿರಲಿ, ಉಳಿದದ್ದು ದೊಡ್ಡದು.

ಈಗ ಅಂಗಡಿಗೆ ಹೋಗುತ್ತಿದ್ದಾರೆ. ಮೊನ್ನೆ ಸಂಜೆ ಅಲ್ಲಿಂದಲೇ ಫೋನ್ ಮಾಡಿದರು. ಹಿಂದಿನಿಂದ ಹೆಂಗಸರ ಗಲಾಟೆ ಕೇಳುತ್ತಿತ್ತು.

"ವಿದ್ಯಾ, ಗಿರಾಕಿ ಭಾಳ ಅದಾರ, ಬರೋದು ತಡ ಆಗ್ತದ. ನನ್ನ ಉಚ್ಚಿ ಗುಳಿಗಿ ಮುಗದಾವ, ತಂದಿಡವಾ."

ಚಪ್ಪಲಿ ಮೆಟ್ಟಿಕೊಂಡು ಮೆಡಿಕಲ್‌ಗೆ ಹೋಗಿ ತಂದಿಟ್ಟೆ.