ಗೋತ್ರ ಕೇಳದೆ ಬಂದದ್ದು

ಮೊದಲು ಹೋದದ್ದು ಕುಕ್ಕರಿನ ಸೀಟಿ. ಅದು ಕೂಗುತ್ತಲೇ ಇತ್ತಂತೆ, ನಾನು ಪಕ್ಕದಲ್ಲೇ ನಿಂತು ತೊಂಡೆಕಾಯಿ ಹೆಚ್ಚುತ್ತಿದ್ದೆ. ಮಗಳು ಅನಘಾ ಓಡಿ ಬಂದು ಗ್ಯಾಸ್ ಆರಿಸಿದಳು. ಆಮೇಲೆ ಹೊನ್ನಾವರದ ನನ್ನ ಶಾಲೆಯಲ್ಲಿ ಹಿಂದಿನ ಬೆಂಚಿನ ಮಕ್ಕಳ ಮಾತು ಹೋಯಿತು. ಟೀಚರಿಗೆ ಜಂಬ ಎಂದುಕೊಂಡರೋ ಏನೋ.

ಶುಗರ್ ಮೊದಲೇ ಇತ್ತು. ಕಡ್ಡಿಯಂತಿರುವ ನನಗೆ ಇಷ್ಟು ಬೇಗ ಅದೇಕೆ ಬಂತೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಿವಿ ಪರೀಕ್ಷೆಯ ಆಡಿಯೋಗ್ರಾಮ್ ನೋಡಿದ ಡಾಕ್ಟರು ಎರಡನ್ನೂ ಜೋಡಿಸಿ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು.

ಜೊತೆಗೆ ಬಂದಿದ್ದ ಆಯಿ, ನನ್ನ ಹೆತ್ತಮ್ಮ, ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. "ನಮ್ಮನೇಲಿ ಯಾರಿಗೂ ಇಲ್ಲೆ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ನೆನಪಾಯಿತು. ಆಯಿಯ ಆಯಿ, ನಮ್ಮ ಅಮ್ಮಮ್ಮನೊಡನೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ಅವಳ ಚಹಕ್ಕೆ ಸಕ್ಕರೆ ಇರುತ್ತಿರಲಿಲ್ಲ. ಕುಮಟಾದ ಸೋದರಮಾವನಿಗೂ ಹಾಗೇ. ಆಯಿಗೆ ಹೇಳಿದೆ.

"ಅದು ನನ್ನ ಅಪ್ಪನ ಮನೆ ಬದಿದು. ನಮ್ಮನೆ ಅಂದ್ರೆ ಸಂತೆಗುಳಿ ಅಲ್ದಾ?" ಎಂದಳು ಆಯಿ. ಸಂತೆಗುಳಿ ಅವಳು ಮದುವೆಯಾಗಿ ಬಂದ ಊರು.

ಅವಳು ಸುಳ್ಳು ಹೇಳಿರಲಿಲ್ಲ. ಮದುವೆಯ ದಿನ ಗೋತ್ರ ಬದಲಾಯಿತು, ಹೆತ್ತವಳೂ ಒಡಹುಟ್ಟಿದವನೂ ಅಂದೇ ಬೇರೆ ಮನೆಯವರಾದರು.

ನನ್ನ ರಕ್ತ ಜೆನೆಟಿಕ್ ಟೆಸ್ಟಿಗೆ ಹೋಯಿತು.

ದೋಷವಿದ್ದದ್ದು ಮೈಟೋಕಾಂಡ್ರಿಯಾದಲ್ಲಿ.

ಜೀವಕೋಶಕ್ಕೆ ಶಕ್ತಿ ತಯಾರಿಸುವ ಕಣಗಳಂತೆ. ಅವುಗಳಿಗೆ ತಮ್ಮದೇ ಜೀನ್‌ಗಳಿವೆ, ಅವು ಬರುವುದು ತಾಯಿಯಿಂದ ಮಾತ್ರ. ಮಾವನದು ಅವನ ಮಕ್ಕಳಿಗೆ ದಾಟುವುದಿಲ್ಲ. ಆಯಿಯದು ನನಗೆ ಬಂತು, ನನ್ನದು ಅನಘಾಳಿಗೆ. ಎಷ್ಟು ಎಂಬುದನ್ನು ಮಾತ್ರ ಮೊದಲೇ ಹೇಳಲಾಗದು. ಕೆಟ್ಟವೂ ಒಳ್ಳೆಯವೂ ಬೆರೆತೇ ಇರುತ್ತವೆ, ಒಬ್ಬಳ ಪಾಲಿಗೆ ಹಿಡಿಯಷ್ಟು, ಇನ್ನೊಬ್ಬಳಿಗೆ ಚಿಟಿಕೆಯಷ್ಟು. ಆಯಿಗೆ ಚಿಟಿಕೆ. ನನಗೆ ಹಿಡಿ.

ಅನಘಾಳಿಗೆ?

ಆ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. ಆದರೂ ಹೆದರಿಕೆಯ ನಡುವೆ ಮೈ ಜುಮ್ಮೆನ್ನುತ್ತಿತ್ತು. ತಲೆಮಾರು ತಲೆಮಾರಿಗೂ ಮನೆ ಬಿಟ್ಟು, ಗೋತ್ರ ಬಿಟ್ಟು, ಕೆಲವರು ಹುಟ್ಟುಹೆಸರನ್ನೂ ಬಿಟ್ಟು ಬಂದ ಹೆಂಗಸರು ಇದೊಂದನ್ನು ಯಾರಿಗೂ ತಿಳಿಯದಂತೆ ಹೊತ್ತು ತಂದಿದ್ದರು. ನನ್ನ ಕಿವಿ ಕೆಡಿಸಿದ್ದು ಅದೇ. ಇಷ್ಟು ವರ್ಷ ನನ್ನನ್ನು ನಡೆದಾಡಿಸಿದ್ದೂ ಅದೇ.

ಈಗ ನನ್ನ ಮಾತ್ರೆ ಬದಲಾಗಿದೆ, ಕಿವಿಗೆ ಮಷಿನ್ ಬಂದಿದೆ. ಅನಘಾಳ ಕಿವಿ, ಶುಗರ್ ಸದ್ಯಕ್ಕೆ ಸರಿ ಇವೆ. ವರ್ಷಕ್ಕೊಮ್ಮೆ ತೋರಿಸಬೇಕು.

ಅವಳನ್ನು ಮೊದಲ ಸಲ ತೋರಿಸಲು ಹೋದಾಗ ಆಯಿಯೂ ಬಂದಳು. ಡಾಕ್ಟರು ಮತ್ತೆ ಕುಟುಂಬದವರ ಬಗ್ಗೆ ಕೇಳಿದರು. ಆಯಿ ಸೆರಗು ಸರಿಮಾಡಿಕೊಂಡಳು. "ನನ್ನ ಆಯಿ ಗಂಗೆ. ಅವಳ ಆಯಿ ಸುಬ್ಬಿ. ಅವಳ ಆಯಿ..."

ಅನಘಾ ಅವಳ ಕೈ ಹಿಡಿದುಕೊಂಡಳು.

"ಹೆಸರು ಗೊತ್ತಿಲ್ಲೆ," ಎಂದಳು ಆಯಿ, ತನ್ನಷ್ಟಕ್ಕೆ, ಬಹಳ ಮೆಲ್ಲಗೆ.

ನನಗೆ ಕೇಳಿಸಿತು.