ಸರೋಜಕ್ಕನ ಗುಟ್ಟು ಹೊರಗೆ ಹಾಕಿದವಳು

ಸರೋಜಕ್ಕಾ, ನಿನ್ನ ಗುಟ್ಟನ್ನು ಹೊರಗೆ ಹಾಕಿದವಳು ನಾನು. ಇಷ್ಟು ವರ್ಷ ನೀನು ನಂಬಿರುವಂತೆ ನಮ್ಮೊಡನೆ ಮದರಂಗಿ ಹಾಕುತ್ತಿದ್ದ ಪಳನಿಯಮ್ಮನಲ್ಲ.

ನಿನ್ನ ಗಂಡ ಬೊಂಬಾಯಿಯ ಮಿಲ್ಲಿನಲ್ಲಿದ್ದಾನೆ ಎಂದೇ ತಮಿಳು ಸೀಮೆಯ ಗಣಪತಿ ಎಂಬ ಊರಿನ ನಮ್ಮ ಬೀದಿಯೆಲ್ಲ ತಿಳಿದಿತ್ತು. ಅವನು ಕಾಮಾಲೆಯಾಗಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಕುಂಕುಮ ಅಳಿಸಿದರೆ ಮದುವಣಗಿತ್ತಿಯ ಕೈ ಮುಟ್ಟಲು ಯಾರೂ ಬಿಡುವುದಿಲ್ಲ. ಮದರಂಗಿ ಹಾಕದಿದ್ದರೆ ನಿನ್ನ ಇಬ್ಬರು ಹೆಣ್ಣುಮಕ್ಕಳಿಗೆ ಊಟವಿಲ್ಲ. ಇದನ್ನು ನೀನು ನನಗೊಬ್ಬಳಿಗೇ ಹೇಳಿದ್ದೆ — ನಮ್ಮ ಮಗ್ಗದ ಕೋಣೆಯಲ್ಲಿ, ಎಲೆ ಅರೆಯುತ್ತಾ, ನಮ್ಮ ಮನೆಮಾತಾದ ಕನ್ನಡದಲ್ಲಿ.

ಎಂಬತ್ತರ ದಶಕದ ನಡುವಿನ ಮಾತು. ಮದರಂಗಿ ಹಾಕುವ ಹೆಂಗಸರೆಲ್ಲ ಒಮ್ಮೆ ಒಂದೆಡೆ ಸೇರಬೇಕು, ಒಬ್ಬರ ಕೈಕೆಲಸ ಒಬ್ಬರು ನೋಡಬೇಕು ಎಂಬುದು ನನ್ನ ಆಸೆ. ತುಡಿಯಲೂರು, ತಿರುಪ್ಪೂರು — ಬಸ್ಸು ಹತ್ತಿ ಹೋಗಿ ಕರೆದವಳು ನಾನು. ಪೀಳಮೇಡಿನಲ್ಲಿ ಛತ್ರ ಗೊತ್ತು ಮಾಡಿದವಳೂ ನಾನೇ. ಮದುವೆ ನಿಶ್ಚಯವಾದ ಹುಡುಗಿಯೊಬ್ಬಳನ್ನು ಕೂರಿಸಿ ಎಲ್ಲರೆದುರು ಮದರಂಗಿ ಹಾಕುವುದೆಂದಾಯಿತು. ಯಾರು ಹಾಕುವುದು? ಎಲ್ಲರೂ ನಿನ್ನ ಹೆಸರು ಹೇಳಿದರು. ಒಬ್ಬಳೂ ನನ್ನ ಕಡೆ ನೋಡಲಿಲ್ಲ. ನಿನ್ನ ಗೆರೆಯ ನಯ ನನ್ನ ಕೈಗಿಲ್ಲ, ಅದು ನನಗೂ ಗೊತ್ತಿತ್ತು. ಆದರೂ —

ಹಿಂದಿನ ದಿನ ಆ ಹುಡುಗಿಯ ತಾಯಿಯ ಬಳಿ ಹೋದೆ. "ಅವಿಂಗ ವೀಟ್ಟುಕಾರರು ಇಲ್ಲೀಂಗ" ಎಂದೆ. ಅವರ ಗಂಡ ಬದುಕಿಲ್ಲ — ಅಷ್ಟು ತಮಿಳು ಸಾಕಾಯಿತು. ನನ್ನ ಹೆಸರು ಎತ್ತಬೇಡಿ ಎಂದೂ ಬೇಡಿಕೊಂಡೆ.

ಆಕೆ ಸದ್ದಿಲ್ಲದೆ ಬೇರೆಯವರನ್ನು ಕೇಳುತ್ತಾಳೆ ಎಂದುಕೊಂಡಿದ್ದೆ. ಆಕೆ ಕಾದಳು. ಛತ್ರದಲ್ಲಿ ನೀನು ಹುಡುಗಿಯ ಅಂಗೈ ಹಿಡಿದ ಮೇಲೆ ಅದನ್ನು ಕಿತ್ತುಕೊಂಡು, "ಮೊದಲು ನಿನ್ನ ಗಂಡನ ಅಡ್ರೆಸ್ ಹೇಳಮ್ಮಾ" ಎಂದಳು.

ನೀನು ನನ್ನ ಕಡೆ ನೋಡಿದೆ. ನಾನು ತಟ್ಟೆಯಲ್ಲಿ ವೀಳ್ಯದೆಲೆ ಜೋಡಿಸುತ್ತಿದ್ದೆ. ಪಳನಿಯಮ್ಮ ಒಬ್ಬಳೇ ಎದ್ದು ಬಂದು ನಿನ್ನ ಕೈಗೆ ನೀರು ಕೊಟ್ಟಳು. ಆಮೇಲೆ ಆ ಹುಡುಗಿಯನ್ನು ನನ್ನ ಮುಂದೆ ಕೂರಿಸಿದರು. ಹಾಕಿದೆ — ಎರಡೂ ಕೈಗೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನ ಭುಜಕ್ಕೆ ಒರಗಿ, ಎಂದಿನಂತೆ ಮುದ್ದಿನಿಂದ 'ಕಣ್ಣು' ಎಂದು ಕರೆದು ಕೇಳಿದೆ: "ಯಾರ್ ಹೇಳಿರ್ಬೌದು ಕಣ್ಣು?"

"ಪಳನಿಯಮ್ಮ ಇರ್ಬೌದಕ್ಕಾ. ಅವತ್ತು ಮಗ್ಗದ ಕೋಣೇಲಿ ನಮ್ ಮಾತು ಕೇಳಿಸ್ಕೊಂಡಿರ್ಬೇಕು."

ಯಾಕೆ ಅವಳ ಹೆಸರೇ ಬಾಯಿಗೆ ಬಂತೋ... ನೀನು ಮತ್ತೆ ಅವಳೊಡನೆ ಮಾತಾಡಲಿಲ್ಲ. "ನಾನೇನು ತಪ್ಪು ಮಾಡಿದೆ?" ಎಂದು ಅವಳು ನನ್ನನ್ನೇ ಕೇಳಿದ್ದಳು. ಗೊತ್ತಾಗದೆಯೇ ಸತ್ತಳು.

ಗಣಪತಿಯಲ್ಲಿ ನಿನ್ನನ್ನು ಯಾರೂ ಮದುವೆ ಮನೆಗೆ ಕರೆಯಲಿಲ್ಲ. ನೀನು ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿ ಸೇರಿದೆ. ಒಮ್ಮೆ ನೋಡಲು ಬಂದಿದ್ದೆ. ದೊಡ್ಡ ಮಗಳು ಶಾಲೆ ಬಿಟ್ಟು ನಿನ್ನ ಪಕ್ಕ ಕೂತು ಬನಿಯನ್ನಿನ ನೂಲು ಕತ್ತರಿಸುತ್ತಿದ್ದಳು. ನೀನು ಅನ್ನ ಬಡಿಸುತ್ತಾ, "ಅವತ್ತು ನೀನೊಬ್ಳಾದ್ರೂ ಜೊತೇಲಿದ್ದೆ" ಎಂದೆ. ಹೇಳಲೆಂದೇ ಬಂದಿದ್ದೆ ಅಕ್ಕಾ. ಉಂಡು ಎದ್ದು ಬಂದೆ.

ನೀನಿನ್ನೂ ಅದೇ ಮನೆಯಲ್ಲಿದ್ದೀಯಂತೆ. ನಮ್ಮವರಲ್ಲಿ ಬಹಳ ಜನರಂತೆ ನಿನಗೂ ಕನ್ನಡ ಅಕ್ಷರ ಬಾರದು; ಕೊಳ್ಳೇಗಾಲದ ಅಜ್ಜಿಯ ಮನೆಯಲ್ಲಿದ್ದು ನಾನು ಕಲಿತೆ. ತಮಿಳಾದರೆ ನಿನಗೆ ಸಲೀಸಾಗಿ ಓದಲು ಬರುತ್ತದೆ. ಇದನ್ನು ನಾನು ತಮಿಳಿನಲ್ಲೂ ಬರೆಯಬಹುದಿತ್ತು.

ಬರೆಯಲಿಲ್ಲ.